ನಿಂತ ಇಂಜಿನ್ನಿಗೆ ಮೊದಲು ಕರೆಂಟ್ ಕೊಡಬೇಡಿ

ಹಳೆಯ ಮಾದರಿ ರೈಲು ಇಂಜಿನ್ನೊಂದು ಕೈಗೆ ಸಿಕ್ಕ ಕೂಡಲೇ ಯಾರಿಗಾದರೂ ಬರುವ ಆಸೆ ಒಂದೇ: ಎರಡು ವೈರು ಹಚ್ಚಿ, ಓಡುತ್ತದೋ ಇಲ್ಲವೋ ನೋಡೋಣ. ದಯವಿಟ್ಟು ಅದೊಂದನ್ನು ಮಾಡಬೇಡಿ. ಹತ್ತಾರು ವರ್ಷ ಪೆಟ್ಟಿಗೆಯಲ್ಲಿ ಮಲಗಿದ ಇಂಜಿನ್ನಿನ ಹಲ್ಲುಗಾಲಿಗಳ ನಡುವೆ ಗ್ರೀಸು ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಮೋಟರು ತಿರುಗಲು ಹೋಗುತ್ತದೆ, ಆಗುವುದಿಲ್ಲ. ತಿರುಗುತ್ತಿರುವ ಮೋಟರು ತಾನೇ ಒಂದಿಷ್ಟು ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಡೆಹಿಡಿಯುತ್ತದೆ. ನಿಂತ ಮೋಟರಿಗೆ ಆ ತಡೆಯಿಲ್ಲ. ಬಂದ ಕರೆಂಟೆಲ್ಲ ಒಳಗಿನ ತಾಮ್ರದ ತಂತಿಯಲ್ಲಿ ಶಾಖವಾಗಿ, ತಂತಿಯ ಮೇಲಿನ ವಾರ್ನಿಶ್ ಸುಡುತ್ತದೆ. ಬೋರಿನ ಮೋಟರು ಜಾಮ್ ಆಗಿ ವೈಂಡಿಂಗ್ ಸುಟ್ಟುಕೊಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ವರ್ಷ ಕೆಡದೆ ಉಳಿದಿದ್ದ ಇಂಜಿನ್ನು ಅರ್ಧ ನಿಮಿಷದ ಆತುರಕ್ಕೆ ಹಾಳಾಗುತ್ತದೆ.

ಆದವಾನಿಯಲ್ಲಿ ಕೂತು ಆಟಿಕೆ ರೈಲಿನ ಮಾತೇಕೆ ಎಂದು ಕೇಳಬಹುದು. ಈ ಸೀಮೆ ರೈಲಿನೊಂದಿಗೇ ಬೆಳೆದದ್ದು. ಮದ್ರಾಸ್ ರೈಲ್ವೆಯ ವಾಯವ್ಯ ಮಾರ್ಗ ಗುಂತಕಲ್ಲು, ಆಸ್ಪರಿ, ಆದವಾನಿ, ಕೋಸಿಗಿ ಹಾದು, ತುಂಗಭದ್ರೆಯನ್ನು ದಾಟಿ ರಾಯಚೂರು ಸೇರಿ, ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯನ್ನು ಕೂಡಿಕೊಂಡದ್ದು 1871ರಲ್ಲಿ. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿ ಸರಿಯಿತು, ಹಳಿ ಸರಿಯಲಿಲ್ಲ. ಇಂದಿನ ಮಂತ್ರಾಲಯಂ ರೋಡ್ ಸ್ಟೇಷನ್ನನ್ನು ಹಳಬರು ಈಗಲೂ ತುಂಗಭದ್ರಾ ಸ್ಟೇಷನ್ ಎನ್ನುತ್ತಾರೆ. ಅದರ ಮೊದಲಿನ ಹೆಸರೇ ಅದು. ಗುಂತಕಲ್ಲಿನಲ್ಲಿ ದೊಡ್ಡ ಹಳಿಯ ಗಾಡಿಗಳ ಪಕ್ಕದಲ್ಲೇ ಬಳ್ಳಾರಿ–ಹುಬ್ಬಳ್ಳಿ ಕಡೆಗೆ, ನಂದ್ಯಾಲದ ಕಡೆಗೆ ಮೀಟರ್ ಗೇಜ್ ಗಾಡಿಗಳು ಹೊರಡುತ್ತಿದ್ದವು. ಆ ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿ ದಶಕಗಳೇ ಆದವು. ಉಗಿ ಇಂಜಿನ್ನಿನ ಹೊಗೆಯನ್ನು ಕಂಡವರು ಈಗ ಅಜ್ಜಂದಿರು. ಮೊಮ್ಮಕ್ಕಳಿಗೆ ಅದನ್ನು ಓಡುತ್ತಿರುವ ಸ್ಥಿತಿಯಲ್ಲಿ ತೋರಿಸುವುದಕ್ಕೆ ಮನೆಯೊಳಗೆ ಉಳಿದಿರುವ ದಾರಿ ಮಾದರಿ ಇಂಜಿನ್ನೊಂದೇ.

ಇಂಥ ಇಂಜಿನ್ನುಗಳು ನಮ್ಮ ಕಡೆಗೆ ಬರುವುದು ಹೆಚ್ಚಾಗಿ ಎರಡನೇ ಕೈಯಿಂದ. ಹೊರದೇಶದಲ್ಲಿದ್ದ ನೆಂಟರು ಮಕ್ಕಳು ದೊಡ್ಡವರಾದ ಮೇಲೆ ಕಳಿಸಿದ್ದು, ಬೆಂಗಳೂರು–ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ನನ್ನ ಮೇಜಿನ ಮೇಲಿರುವುದೂ ಹಾಗೆ ಬಂದದ್ದೇ: ಬ್ರಿಟನ್ನಿನ ಟ್ರೈ-ಆಂಗ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ, ಆರು ಗಾಲಿಯ ಪುಟ್ಟ ಶಂಟಿಂಗ್ ಇಂಜಿನ್. ಅಲ್ಲಿನವರು ಅದನ್ನು ಜಿಂಟಿ ಎನ್ನುತ್ತಾರೆ. ಕಪ್ಪು ಬಣ್ಣ, ಅಂಚುಗಳಲ್ಲಿ ಸವೆದ ಪ್ಲಾಸ್ಟಿಕ್ಕು. ಈ ಲೇಖನದ ಉದಾಹರಣೆಗಳು ಬಹುಪಾಲು ಅದರವೇ.

ಕೊಳ್ಳುವ ಮೊದಲು ಇಂಜಿನ್ನನ್ನು ತಿರುಗಿಸಿ ಹೊಟ್ಟೆಯ ಕಡೆ ನೋಡಿ. ಕೀಲಿ ಕೊಡುವ ರಂಧ್ರವಿದ್ದರೆ ಅದು ಸ್ಪ್ರಿಂಗಿನದು, ಕರೆಂಟಿನ ಮಾತೇ ಇಲ್ಲ. ಹೊಟ್ಟೆಯ ಅಡಿಯಲ್ಲಿ ಉದ್ದನೆಯ ಲೋಹದ ಪಟ್ಟಿ ಜೋತಿದ್ದರೆ ಅದು ಬಹುಶಃ ಜರ್ಮನಿಯ ಮಾರ್ಕ್ಲಿನ್. ಹಳಿಯ ನಡುವಿನ ಮೂರನೇ ಸಾಲಿನಿಂದ ಎ.ಸಿ. ಕರೆಂಟು ಪಡೆಯುವ ಜಾತಿ. ಇವೆರಡೂ ಅಲ್ಲದಿದ್ದರೆ ಅದು ಬಹುತೇಕ ಎರಡು ಹಳಿಗಳಿಂದ 12 ವೋಲ್ಟ್ ಡಿ.ಸಿ. ಕುಡಿಯುವ ಸಾಮಾನ್ಯ ಇಂಜಿನ್. ಇದೇ ನಮಗೆ ಹೆಚ್ಚು ಸಿಗುವುದು, ರಿಪೇರಿಗೆ ಸುಲಭವಾದದ್ದೂ ಇದೇ.

ಅಳತೆಯ ಬಗ್ಗೆ ಒಂದು ಮಾತು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಮಾದರಿಗಳು ನಿಜದ 87ನೇ ಒಂದು ಭಾಗ. ಬ್ರಿಟನ್ನಿನ ಓಓ ಮಾದರಿಗಳು ಸ್ವಲ್ಪ ದೊಡ್ಡವು, 76ನೇ ಒಂದು ಭಾಗ. ಎರಡೂ ಓಡುವುದು 16.5 ಮಿಲಿಮೀಟರಿನ ಒಂದೇ ಹಳಿಯ ಮೇಲೆ. 16.5 ಅನ್ನು 87ರಿಂದ ಗುಣಿಸಿದರೆ ಯುರೋಪು, ಅಮೆರಿಕಗಳ 1435 ಮಿಲಿಮೀಟರಿನ ಹಳಿ ಬರುತ್ತದೆ. ಆದವಾನಿ ಸ್ಟೇಷನ್ನಿನ ಹಳಿ 1676 ಮಿಲಿಮೀಟರಿನದು. ಎಚ್‌ಒ ಲೆಕ್ಕದಲ್ಲಿ ಅದು 19.3 ಆಗಬೇಕು. ಆ ಅಗಲದ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ನಮ್ಮ ಇಂಜಿನ್ನುಗಳ ಮಾದರಿ ಮಾಡುವವರೂ ಸಾಮಾನ್ಯವಾಗಿ 16.5ರ ಮೇಲೆಯೇ ಓಡಿಸುತ್ತಾರೆ. ಆ ಮೂರು ಮಿಲಿಮೀಟರಿನ ಕೊರತೆಯನ್ನು ನಾನಂತೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೇಲಿನ ಕವಚ ಒಂದೆರಡು ಸ್ಕ್ರೂ ಅಥವಾ ಕೊಂಡಿಗಳ ಮೇಲೆ ನಿಂತಿರುತ್ತದೆ. ಬಿಚ್ಚುವ ಮೊದಲು, ಬಿಚ್ಚುವಾಗ, ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಬಿಳಿ ತಟ್ಟೆ ಇಟ್ಟುಕೊಳ್ಳಿ. ಒಮ್ಮೆ ಹಾರಿದ ಸ್ಪ್ರಿಂಗು ನೆಲದ ಮೇಲೆ ಸಿಗುವುದು ಅಪರೂಪ.

ಕವಚ ಬಂದ ಮೇಲೆ ಗಾಲಿಗಳನ್ನು ಹಿಡಿದು ತಿರುಗಿಸಲು ಹೋಗಬೇಡಿ. ಮೋಟರಿನ ಕಡ್ಡಿಯ ಮೇಲೆ ಸ್ಕ್ರೂವಿನ ಹಾಗೆ ಸುರುಳಿ ಕೊರೆದ ವರ್ಮ್ ಗೇರ್ ಇರುತ್ತದೆ. ಅದು ಗಾಲಿಯ ಅಚ್ಚಿನ ಮೇಲಿನ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಈ ಜೋಡಣೆಯಲ್ಲಿ ಚಲನೆ ಮೋಟರಿನಿಂದ ಗಾಲಿಗೆ ಹೋಗಬಲ್ಲದು, ಗಾಲಿಯಿಂದ ಮೋಟರಿಗೆ ಹೋಗಲಾರದು. ಗಾಲಿಗೆ ಬಲ ಹಾಕಿದರೆ ಹಲ್ಲು ಮುರಿಯುತ್ತದೆ. ಬೆರಳ ತುದಿಯಿಂದ ಮೋಟರಿನ ತಿರುಗುವ ಭಾಗವಾದ ಆರ್ಮೇಚರನ್ನೇ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಬಿಗಿಯಾಗಿದ್ದರೆ ಹಳೆಯ ಗ್ರೀಸನ್ನು ತೆಗೆಯುವವರೆಗೆ ಮುಂದಿನ ಕೆಲಸವಿಲ್ಲ.

ಗ್ರೀಸು ತೆಗೆಯಲು ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಬೋರ್ಡು ತೊಳೆಯಲು ಐಪಿಎ ಎಂದು ಇಟ್ಟುಕೊಂಡಿರುತ್ತಾರಲ್ಲ, ಅದೇ. ಪೆಟ್ರೋಲು, ಥಿನ್ನರು ಹತ್ತಿರ ತರಬೇಡಿ. ಥಿನ್ನರು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಪೆಟ್ರೋಲು ಬೆಂಕಿಗೆ ದಾರಿ. ಬಣ್ಣದ ಮೇಲೂ ಐಪಿಎ ಬೀಳದಿರಲಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಗಾಲಿಗಳನ್ನು ತಿಕ್ಕಿ, ಸಂದಿಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಒರೆಸಿ, ಮತ್ತೆ ತಿಕ್ಕಿ.

ಇಲ್ಲಿ ಆದವಾನಿಗೇ ಮೀಸಲಾದ ಒಂದು ಶತ್ರುವಿನ ಮಾತು ಬರಬೇಕು: ಅರಳೆ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು ನಮ್ಮದು. ಜಿನ್ನಿಂಗ್ ಫ್ಯಾಕ್ಟರಿಗಳ ಸುತ್ತಮುತ್ತ ಹಂಗಾಮಿನಲ್ಲಿ ಹತ್ತಿಯ ಎಳೆ ಗಾಳಿಯಲ್ಲೇ ಇರುತ್ತದೆ. ಕಿಟಕಿಯ ಜಾಲರಿಗೆ, ಫ್ಯಾನಿನ ರೆಕ್ಕೆಗೆ ಮೆತ್ತುತ್ತದೆ. ಮಾದರಿ ಇಂಜಿನ್ನಿನ ಅಚ್ಚಿಗೆ ಒಂದು ಎಳೆ ಸಿಕ್ಕಿದರೆ ಸಾಕು, ಗಾಲಿಯ ಪ್ರತಿ ಸುತ್ತಿಗೂ ಸುತ್ತಿಕೊಂಡು, ಎಣ್ಣೆ ಕುಡಿದು, ಧೂಳು ಹಿಡಿದು ಗಟ್ಟಿ ದಾರವಾಗುತ್ತದೆ. ನನ್ನ ಜಿಂಟಿಯ ನಡುವಿನ ಅಚ್ಚಿನಿಂದ ಚಿಮಟದಲ್ಲಿ ಎಳೆದಾಗ ಬಂದದ್ದು ಕಪ್ಪು ಉಂಗುರ. ಆದ್ದರಿಂದ ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಇಂಜಿನ್ನಿನ ಒಳಗೆ ಆಡಿಸಬೇಡಿ. ಒರೆಸಲು ಕನ್ನಡಕದ ಬಟ್ಟೆಯಂಥ ಎಳೆ ಬಿಡದ ಬಟ್ಟೆ ಇರಲಿ. ಓಡಿಸಿ ಮುಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಈಗ ಮೋಟರು. ಇದೇ ಈ ಕೆಲಸದ ತಿರುಳು. ಜಿಂಟಿಯಲ್ಲಿರುವುದು ಎಕ್ಸ್‌ಒ4 ಎಂಬ ಮೋಟರು, ಟ್ರೈ-ಆಂಗ್ ಬಹಳ ವರ್ಷ ಹಲವು ಇಂಜಿನ್ನುಗಳಲ್ಲಿ ಬಳಸಿದ್ದು. ಅದು ತೆರೆದ ಮೋಟರು. ಅಯಸ್ಕಾಂತ, ತಂತಿ ಸುತ್ತಿದ ಆರ್ಮೇಚರ್, ಮೂರು ತುಂಡು ತಾಮ್ರದ ಕಾಮ್ಯುಟೇಟರ್, ಎರಡು ಕಾರ್ಬನ್ ಬ್ರಷ್, ಎಲ್ಲವೂ ಕಣ್ಣಿಗೆ ಕಾಣುತ್ತವೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಡಿ.ಸಿ. ಮೋಟರಿನ ಚಿತ್ರ ಕೈಯಲ್ಲಿ ಹಿಡಿಯುವಂತಿದೆ. ಬ್ರಷ್ಷುಗಳು ಕಾಮ್ಯುಟೇಟರಿಗೆ ಒತ್ತಿಕೊಂಡು ಕರೆಂಟು ದಾಟಿಸುತ್ತವೆ. ಕಾಮ್ಯುಟೇಟರ್ ಅರೆಸುತ್ತಿಗೊಮ್ಮೆ ತಂತಿಯೊಳಗಿನ ಕರೆಂಟಿನ ದಿಕ್ಕು ಬದಲಿಸಿ ಆರ್ಮೇಚರ್ ಒಂದೇ ಕಡೆ ತಿರುಗುವಂತೆ ನೋಡಿಕೊಳ್ಳುತ್ತದೆ. ಬ್ರಷ್ಷು ಸವೆದು ಉದುರಿದ ಪುಡಿ ತಾಮ್ರದ ತುಂಡುಗಳ ನಡುವಿನ ಸಂದಿಯಲ್ಲಿ ಕೂತರೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಮೋಟರು ಬಿಸಿಯಾಗುತ್ತದೆ, ಕಿಡಿ ಕಾರುತ್ತದೆ, ಎಳೆಯುವ ಶಕ್ತಿ ಹೋಗುತ್ತದೆ. ಮಿಕ್ಸಿಯಲ್ಲಿ ಕಿಡಿ ಕಂಡರೆ ಕಾರ್ಬನ್ ಹೋಗಿದೆ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದೇ ಕಾಯಿಲೆ, ಅದೇ ಮದ್ದು. ಸಂದಿಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ತಾಮ್ರ ಹೊಳೆಯುವವರೆಗೆ ಐಪಿಎಯಲ್ಲಿ ಒರೆಸಿ, ಸವೆದ ಬ್ರಷ್ಷು ಬದಲಿಸಿ. ಉಪ್ಪುಕಾಗದ ಹಾಕಿ ತಿಕ್ಕಬೇಡಿ; ಗೀರು ಬಿದ್ದಲ್ಲಿ ಮತ್ತೆ ಪುಡಿ ಕೂರುತ್ತದೆ, ಬ್ರಷ್ಷು ಬೇಗ ಸವೆಯುತ್ತದೆ.

ಎಕ್ಸ್‌ಒ4 ಬಿಚ್ಚುವವರು ನೆನಪಿಡಬೇಕಾದ ಎರಡು ಸೂಕ್ಷ್ಮಗಳಿವೆ. ಎರಡೂ ಬ್ರಷ್ಷುಗಳನ್ನು ಒತ್ತಿ ಹಿಡಿಯುವುದು ಒಂದೇ ತಂತಿಯ ಸ್ಪ್ರಿಂಗು. ಅದರ ಒಂದು ಕಾಲಿಗೆ ಮಾತ್ರ ಪುಟ್ಟ ನಳಿಕೆಯ ಹೊದಿಕೆ ಇರುತ್ತದೆ. ಅದು ಕರೆಂಟು ದಾಟದ ಹೊದಿಕೆ. ಕಳೆದುಹೋದರೆ ಎರಡು ಬ್ರಷ್ಷುಗಳೂ ಸ್ಪ್ರಿಂಗಿನ ಮೂಲಕ ಕೂಡಿಕೊಂಡು ಶಾರ್ಟ್ ಆಗುತ್ತದೆ. ಎಲ್ಲ ಸರಿ ಇದ್ದೂ ಓಡದ ಎಷ್ಟೋ ಇಂಜಿನ್ನುಗಳಲ್ಲಿ ಕಾಣೆಯಾಗಿರುವುದು ಈ ಚೂರು ನಳಿಕೆಯೇ. ತೆಳು ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ತುಂಡು ಮಾಡಿ ತೊಡಿಸಿದರೂ ಸಾಕು. ಎರಡನೆಯದು ಅಯಸ್ಕಾಂತ. ಹಳೆಯ ಆಲ್ನಿಕೊ ಅಯಸ್ಕಾಂತವನ್ನು ಮೋಟರಿನಿಂದ ಹೊರಗೆಳೆದು ಹಾಗೇ ಇಟ್ಟರೆ ಅದರ ಬಲ ಕುಗ್ಗುತ್ತದೆ. ಬೇರೆ ದಾರಿಯಿಲ್ಲದ ಹೊರತು ಅದನ್ನು ತೆಗೆಯಲೇಬೇಡಿ. ತೆಗೆಯಲೇಬೇಕಾದರೆ ಕೂಡಲೇ ಕಬ್ಬಿಣದ ತುಂಡೊಂದನ್ನು ಅದರ ಎರಡು ಧ್ರುವಗಳಿಗೂ ತಾಗುವಂತೆ ಅಂಟಿಸಿಡಿ. ಬಲ ಕುಗ್ಗಿದ ಇಂಜಿನ್ನಿನ ಗುರುತು ವಿಚಿತ್ರವಾದದ್ದು: ಒಂಟಿಯಾಗಿ ಮೊದಲಿಗಿಂತ ಜೋರಾಗಿ ಓಡುತ್ತದೆ, ಎರಡು ಡಬ್ಬಿ ಕಟ್ಟಿದರೆ ನಿಲ್ಲುತ್ತದೆ, ಮುಟ್ಟಿದರೆ ಸುಡುತ್ತದೆ. ಈಗ ಸಿಗುವ ನಿಯೋಡಿಮಿಯಮ್ ಅಯಸ್ಕಾಂತದ ಚಿಕ್ಕ ತುಂಡುಗಳನ್ನು ಅಳತೆಗೆ ಕೂರಿಸಿ ಇದನ್ನು ಸರಿಪಡಿಸಬಹುದು.

ತಂತಿ ಸುಟ್ಟಿದೆಯೇ ಎಂಬ ಅನುಮಾನ ಬಂದರೆ ಮಲ್ಟಿಮೀಟರ್ ಸಾಕು. ಬ್ರಷ್ಷುಗಳನ್ನು ಎತ್ತಿ, ಕಾಮ್ಯುಟೇಟರಿನ ಮೂರು ತುಂಡುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಅಳತೆಯೂ ಒಂದೇ ಸಮ ಬಂದರೆ ವೈಂಡಿಂಗ್ ಚೆನ್ನಾಗಿದೆ. ಒಂದು ಅಳತೆ ಉಳಿದೆರಡರ ದುಪ್ಪಟ್ಟು ಬಂದರೆ ಆ ಎರಡು ತುಂಡುಗಳ ನಡುವಿನ ಸುತ್ತು ಕಡಿದಿದೆ. ಕಡಿದಿರುವುದು ಬಹಳ ಸಲ ಬೆಸುಗೆಯ ಜಾಗದಲ್ಲೇ. ಸಣ್ಣ ಮೊನೆಯ ಸೋಲ್ಡರಿಂಗ್ ಕಡ್ಡಿಯಲ್ಲಿ ಕೂಡಿಸಬಹುದು. ಒಳಗೆ ಸುಟ್ಟಿದ್ದರೆ ಮೋಟರ್ ವೈಂಡಿಂಗ್ ಅಂಗಡಿಗೆ ಒಯ್ಯಿರಿ. ಆದವಾನಿ, ಎಮ್ಮಿಗನೂರು, ಆಲೂರಿನಂಥ ಊರುಗಳಲ್ಲಿ ಪಂಪ್‌ಸೆಟ್ಟಿನ ಮೋಟರು ಕಟ್ಟುವವರಿಗೆ ಇದರ ತತ್ವ ಹೊಸದಲ್ಲ, ತಂತಿ ಮಾತ್ರ ಕೂದಲೆಳೆಯಷ್ಟು ತೆಳು. ಎಷ್ಟು ಸುತ್ತು, ಯಾವ ದಪ್ಪ ಎಂದು ಬಿಚ್ಚುವಾಗಲೇ ಎಣಿಸಿ ಬರೆದುಕೊಳ್ಳಲು ಹೇಳಿ.

ಈ ಕಾರ್ಬನ್ ಬ್ರಷ್ಷಿನ ವಿದ್ಯೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಪರಂಪರೆಯಿದೆ. ಪಕ್ಕದ ಗುತ್ತಿಯ ಡೀಸೆಲ್ ಶೆಡ್ಡು ದಶಕಗಳ ಕಾಲ ಆಲ್ಕೋ ಜಾತಿಯ ಇಂಜಿನ್ನುಗಳನ್ನು ಸಾಕಿದ್ದು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಡಬ್ಲ್ಯುಡಿಎಂ-2 ಭಾರತಕ್ಕೆ ಬಂದದ್ದು 1962ರಲ್ಲಿ. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 2600 ಅಶ್ವಶಕ್ತಿಯ ಆ ಇಂಜಿನ್ನಿನಲ್ಲಿ ಗಾಲಿ ತಿರುಗಿಸುತ್ತಿದ್ದದ್ದು ಡೀಸೆಲ್ ಅಲ್ಲ. ಡೀಸೆಲ್ ಇಂಜಿನ್ನು ಜನರೇಟರ್ ತಿರುಗಿಸಿ, ಅದರ ಕರೆಂಟು ಅಚ್ಚುಗಳ ಬಳಿಯ ಆರು ಡಿ.ಸಿ. ಮೋಟರುಗಳಿಗೆ ಹೋಗುತ್ತಿತ್ತು. ಆ ಮೋಟರುಗಳಲ್ಲೂ ಕಾಮ್ಯುಟೇಟರ್, ಕಾರ್ಬನ್ ಬ್ರಷ್. ಅಲ್ಲಿಯೂ ಎಣ್ಣೆ ಚೆಲ್ಲಿದರೆ, ಪುಡಿ ಕೂತರೆ ಕಿಡಿ ಹಾರುತ್ತಿತ್ತು. ಫ್ಲ್ಯಾಶ್‌ಓವರ್ ಎಂದರೆ ಶೆಡ್ಡಿನವರಿಗೆಲ್ಲ ಗೊತ್ತು. ಬ್ರಷ್ಷಿನ ಉದ್ದ ಅಳೆಯುವುದು, ಸ್ಪ್ರಿಂಗಿನ ಒತ್ತಡ ನೋಡುವುದು, ಕಾಮ್ಯುಟೇಟರ್ ಒರೆಸುವುದು ಶೆಡ್ಡಿನ ನಿತ್ಯಕರ್ಮ. ಅಂಗೈ ಮೇಲಿನ ಜಿಂಟಿಗೆ ನಾವು ಮಾಡುವುದೂ ಅದನ್ನೇ. ಈಗ ಬರುತ್ತಿರುವ ಡಬ್ಲ್ಯುಎಪಿ-7, ಡಬ್ಲ್ಯುಎಜಿ-9ರಂಥ ಇಂಜಿನ್ನುಗಳಲ್ಲಿ ಮೂರು ಫೇಸಿನ ಎ.ಸಿ. ಮೋಟರುಗಳಿವೆ, ಅವಕ್ಕೆ ಬ್ರಷ್ಷೇ ಇಲ್ಲ. ಅದು ಒಳ್ಳೆಯದೇ, ಕೆಡುವ ಭಾಗಗಳು ಕಡಿಮೆಯಾದವು. ಆದರೆ ಆ ಕೈಗೆಲಸ ಬಲ್ಲ ನಿವೃತ್ತರು ಇನ್ನೂ ನಮ್ಮ ಬೀದಿಗಳಲ್ಲಿದ್ದಾರೆ, ಅವರನ್ನು ಕೇಳುವವರು ಬೇಕು. ಹೊಸ ಮಾದರಿ ಇಂಜಿನ್ನುಗಳಲ್ಲೂ ಮುಚ್ಚಿದ ಡಬ್ಬಿಯಂಥ ಮೋಟರು ಬಂದಿದೆ. ಕೆಟ್ಟರೆ ಬಿಸಾಡಿ ಹೊಸದು ಹಾಕಬೇಕು. ಬಿಚ್ಚಿ ಕಲಿಯಲು ಹಳೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣ್ಣೆಯ ವಿಷಯದಲ್ಲಿ ಕೈ ಬಿಗಿ ಇರಲಿ. ಹೊಲಿಗೆ ಮಷಿನ್ನಿನ ಎಣ್ಣೆ ಆಗುತ್ತದೆ. ಸೂಜಿಯ ತುದಿಯಲ್ಲಿ ಎತ್ತಿದ ಒಂದು ಹನಿ ಮೋಟರಿನ ಎರಡು ತುದಿಯ ಬೇರಿಂಗಿಗೆ, ಅಷ್ಟೇ ಅಚ್ಚುಗಳಿಗೆ. ವರ್ಮ್ ಗೇರಿಗೆ ಅಕ್ಕಿಕಾಳಿನಷ್ಟು ಬಿಳಿ ಗ್ರೀಸು. ಕಾಮ್ಯುಟೇಟರಿಗೆ ಏನೂ ಬೇಡ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಿದ ಇಂಜಿನ್ನುಗಳು ಕೆಲವು ತಿಂಗಳಲ್ಲಿ ಅಂಟು ಹಿಡಿದು ಮತ್ತೆ ನಿಲ್ಲುತ್ತವೆ.

ಗಾಲಿಯ ಅಂಚಿನ ಕಪ್ಪು ಪದರವನ್ನೂ ಐಪಿಎಯಲ್ಲೇ ಒರೆಸಿ. ಕರೆಂಟು ಇಂಜಿನ್ನಿಗೆ ಬರುವುದೇ ಗಾಲಿಯಿಂದ. ಅಲ್ಲಿ ಕೊಳೆ ಇದ್ದರೆ ಎಂಥ ಮೋಟರೂ ತಡವರಿಸುತ್ತದೆ. ಗಾಲಿಯ ಹಿಂಬದಿಗೆ ಸವರುವ ತೆಳು ಲೋಹದ ಎಲೆಗಳು ಗಾಲಿಗೆ ತಾಗುತ್ತಿವೆಯೇ ನೋಡಿ. ಕೆಲವು ಇಂಜಿನ್ನುಗಳಲ್ಲಿ ಜಾರದಿರಲೆಂದು ಗಾಲಿಗೆ ರಬ್ಬರಿನ ಪಟ್ಟಿ ಇರುತ್ತದೆ. ನಮ್ಮ ಬಿಸಿಲಿಗೆ ಅದು ಒಣಗಿ ಬಿರಿದಿರುತ್ತದೆ, ಬದಲಿಸಲೇಬೇಕು.

ಎಲ್ಲವೂ ಸರಿಯಾಗುತ್ತದೆ ಎಂದು ಹೇಳಲಾರೆ. ಎರಡನೇ ಮಹಾಯುದ್ಧಕ್ಕೆ ಹಿಂದಿನ ಕೆಲವು ಇಂಜಿನ್ನುಗಳಲ್ಲಿ ಸತುವಿನ ಮಿಶ್ರಲೋಹಕ್ಕೆ ಸೀಸ ಬೆರೆತು, ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಕೊಳ್ಳುವಾಗ ಚಾಸಿಯಲ್ಲಿ ಸಣ್ಣ ಬಿರುಕಿನ ಜಾಲ, ಬಾಗಿದ ಅಂಚು ಕಂಡರೆ ಬಿಟ್ಟುಬಿಡಿ. ಅಮೆರಿಕದ ಕೆಲವು ಇಂಜಿನ್ನುಗಳಲ್ಲಿ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಹಲ್ಲುಗಾಲಿ ಸೀಳಿ, ಪ್ರತಿ ಸುತ್ತಿಗೂ ಟಕ್ ಟಕ್ ಎಂದು ಕುಪ್ಪಳಿಸುತ್ತದೆ. ಅಂಟು ಹಾಕಿದರೆ ನಿಲ್ಲುವುದಿಲ್ಲ, ಹೊಸ ಹಲ್ಲುಗಾಲಿ ತರಿಸಬೇಕು.

ಇಷ್ಟಾದ ಮೇಲೆ ಕರೆಂಟು. ಮೊದಲ ಪರೀಕ್ಷೆಗೆ 9 ವೋಲ್ಟಿನ ಚೌಕ ಬ್ಯಾಟರಿ ಸಾಕು. ಇಂಜಿನ್ನಿನ ಜೊತೆ ಬಂದ ಹಳೆಯ ಕಂಟ್ರೋಲರನ್ನು ಗೋಡೆಯ ಪ್ಲಗ್ಗಿಗೆ ಹಾಕಲೇಬೇಡಿ. ಅಮೆರಿಕದಿಂದ ಬಂದದ್ದಾದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಬ್ರಿಟನ್ನಿನದಾದರೂ ಐವತ್ತು ವರ್ಷದ ವೈರಿನ ರಬ್ಬರು ಬಿರಿದು ಒಳಗಿನ ತಾಮ್ರ ಕಾಣುತ್ತಿರುತ್ತದೆ. ಮಕ್ಕಳು ಮುಟ್ಟುವ ವಸ್ತುವಿನಲ್ಲಿ ಅಂಥ ಅಪಾಯ ಬೇಡ. ಎರಡು ಹಳಿಯ ಡಿ.ಸಿ. ಇಂಜಿನ್ನು ಯಾವ ದೇಶದ್ದಾದರೂ ಅದಕ್ಕೆ ಬೇಕಾದದ್ದು 12 ವೋಲ್ಟ್ ಡಿ.ಸಿ. ಮಾತ್ರ. 12 ವೋಲ್ಟ್, 1 ಆಂಪಿಯರಿನ ಒಳ್ಳೆಯ ಅಡಾಪ್ಟರು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಡಿ.ಸಿ. ಮೋಟರಿನ ವೇಗ ನಿಯಂತ್ರಕ, ದಿಕ್ಕು ಬದಲಿಸಲು ಒಂದು ಎರಡುಮುಖದ ಸ್ವಿಚ್ಚು ಇಷ್ಟಿದ್ದರೆ ಆಯಿತು. ಬೈಕಿನ ಬ್ಯಾಟರಿಗೆ ನೇರವಾಗಿ ವೈರು ಹಚ್ಚುವವರಿದ್ದಾರೆ. ಹಳಿಯ ಮೇಲೆ ಒಂದು ಸ್ಕ್ರೂಡ್ರೈವರ್ ಬಿದ್ದರೆ ಆ ಬ್ಯಾಟರಿ ವೈರನ್ನೇ ಕೆಂಪಗೆ ಕಾಯಿಸಬಲ್ಲದು, ನಡುವೆ 1 ಆಂಪಿಯರಿನ ಫ್ಯೂಸ್ ಇಲ್ಲದೆ ಅದು ಕೂಡದು.

ಓಡಲು ತೊಡಗಿದ ಇಂಜಿನ್ನನ್ನು ಕೂಡಲೇ ಡಬ್ಬಿ ಕಟ್ಟಿ ದುಡಿಸಬೇಡಿ. ಒಂಟಿಯಾಗಿ, ಮಧ್ಯಮ ವೇಗದಲ್ಲಿ, ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿ. ಹೊಸ ಬ್ರಷ್ಷು ಕಾಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಹಳೆಯ ಟ್ರೈ-ಆಂಗ್ ಗಾಲಿಗಳ ಅಂಚು ಆಳವಾದದ್ದು. ಹಳಿ ಕೊಳ್ಳುವಾಗ 2.5 ಮಿಲಿಮೀಟರ್ ಎತ್ತರದ, ಕೋಡ್ 100 ಎಂದು ಕರೆಯುವ ಹಳಿಯನ್ನೇ ಕೊಳ್ಳಿ. ಕೋಡ್ 75ರ ತಗ್ಗು ಹಳಿಯಲ್ಲಿ ಗಾಲಿಯ ಅಂಚು ಕೆಳಗೆ ತಾಗಿ ಇಂಜಿನ್ನು ಕುಣಿಯುತ್ತದೆ. ಕವಚಕ್ಕೆ ಹೊಸ ಬಣ್ಣ ಹಚ್ಚುವ ಆಸೆಯನ್ನೂ ತಡೆಯಿರಿ. ಹಿಂದೆ ಆಡಿದ ಮಕ್ಕಳ ಕೈ ಸವೆಸಿದ ಗುರುತು ಅದರ ಚರಿತ್ರೆ.

ಇಂಥ ರೈಲುಗಳು ಒಟ್ಟಾಗಿ ಓಡುವುದನ್ನು ನೋಡಬೇಕಾದರೆ ಪುಣೆಯ ಕೊತ್ರೂಡಿನಲ್ಲಿರುವ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ; ಭಾವುಸಾಹೇಬ ಜೋಶಿಯವರು ಕಟ್ಟಿದ ಅದು 1998ರಿಂದ ಜನರಿಗೆ ತೆರೆದಿದೆ. ನಿಜದ ಉಗಿ ಇಂಜಿನ್ನುಗಳನ್ನು ಮುಟ್ಟಿ ನೋಡಲು 1979ರಿಂದಿರುವ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಎರಡೂ ಆದವಾನಿಯಿಂದ ದೂರ.

ಹಾಗಾಗಿ ಆದವಾನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದದ ಕನ್ನಡ ಶಾಲೆಗಳ ವಿಜ್ಞಾನ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಡಿ.ಸಿ. ಮೋಟರಿನ ಪಾಠ ಬಂದಾಗ ಹಲಗೆಯ ಮೇಲಿನ ಚಿತ್ರಕ್ಕೆ ನಿಲ್ಲಿಸಬೇಡಿ. ಊರಿನಲ್ಲಿ ಯಾರದಾದರೂ ಮನೆಯಲ್ಲಿ ಓಡದೆ ಬಿದ್ದಿರುವ ಆಟಿಕೆ ಇಂಜಿನ್ನೋ, ಕೆಟ್ಟ ಮಿಕ್ಸಿಯ ಮೋಟರೋ ಇದ್ದರೆ ಕೇಳಿ ತನ್ನಿ. ಗುಂತಕಲ್ಲಿನಲ್ಲೋ ಗುತ್ತಿಯಲ್ಲೋ ದುಡಿದು ನಿವೃತ್ತರಾದವರೊಬ್ಬರನ್ನು ತರಗತಿಗೆ ಕರೆಯಿರಿ. ಮಕ್ಕಳೇ ಬಿಚ್ಚಲಿ, ಒರೆಸಲಿ, ಅಳೆಯಲಿ, ಮತ್ತೆ ಕೂಡಿಸಲಿ. ಮನೆಯಲ್ಲಿ ಹಳೆಯ ಇಂಜಿನ್ನು ಇಟ್ಟುಕೊಂಡವರೂ ಅದನ್ನು ಗುಜರಿಗೆ ಹಾಕುವ ಮೊದಲು ಹತ್ತಿರದ ಶಾಲೆಗೊಮ್ಮೆ ತೋರಿಸಿ.